ಬಕೆಟ್ ಬಿಯರಿಂದ ಗ್ರೌಲರ್‌ವರೆಗೆ: ಬಿಡಿ ಅಗ್ಗವೋ, ಬಾಟಲಿ ಅಗ್ಗವೋ?

ಇವತ್ತಿನ ಸಂಚಿಕೆ ಒಂದು ಅಂಗಡಿ ಲೆಕ್ಕದಿಂದ ಶುರುವಾಗುತ್ತೆ. ನಮ್ಮಲ್ಲಿ ಯಾವ ಪದಾರ್ಥವೇ ಆಗಲಿ, ಬಿಡಿಯಾಗಿ ತಗೊಂಡ್ರೆ ಅಗ್ಗ, ಪ್ಯಾಕೆಟ್ ಆದ್ರೆ ಸ್ವಲ್ಪ ಜಾಸ್ತಿ ಅನ್ನೋದು ಮನೆಮನೆಯ ನಂಬಿಕೆ. ಅಕ್ಕಿ, ಬೇಳೆ, ಎಣ್ಣೆ, ಎಲ್ಲದಕ್ಕೂ ಅದೇ ಲೆಕ್ಕ. ಡಬ್ಬ ನಮ್ಮದಾದ್ರೆ ಡಬ್ಬದ ದುಡ್ಡು ಉಳೀತು, ಅಷ್ಟೇ ತರ್ಕ.

ಆದ್ರೆ ಬಿಯರ್ ವಿಷಯದಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ ಆಗಿದೆ. ನಲ್ಲಿಯಿಂದ ಹಿಡಿದು ಪಾರ್ಸೆಲ್ ಕೊಡೋ ಡ್ರಾಫ್ಟ್ ಬಿಯರ್‌ಗೆ ಬಾಟಲಿ ಇಲ್ಲ, ಕ್ಯಾನ್ ಇಲ್ಲ, ಲೇಬಲ್ ಇಲ್ಲ, ಆದರೂ ಅದೇ ದುಬಾರಿ. ಅಂಗಡಿಯ ಫ್ರಿಜ್ಜಿನಲ್ಲಿ ಸಾಲಾಗಿ ನಿಂತಿರೋ ಬಾಟಲಿ, ಕ್ಯಾನುಗಳು ಅಗ್ಗ. ನೂರಮೂವತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ನಲ್ಲಿ ಬಿಯರ್ ಬಡವರದ್ದು, ಬಾಟಲಿ ಬಿಯರ್ ಉಳ್ಳವರದ್ದು. ಇದು ಯಾವಾಗ, ಹೇಗೆ ತಿರುಗಿತು? ಆ ಕಥೆ ಹುಡುಕಿಕೊಂಡು ನಾವು ಅಮೆರಿಕಕ್ಕೆ ಹೋಗಬೇಕು. ಯಾಕಂದ್ರೆ ಪಾರ್ಸೆಲ್ ಬಿಯರ್‌ನ ಇತಿಹಾಸ ಅಲ್ಲಿ ಇದ್ದಷ್ಟು ಸ್ಪಷ್ಟವಾಗಿ ಬೇರೆ ಕಡೆ ಸಿಗೋದು ಕಷ್ಟ.

1880ರ ದಶಕದ ನ್ಯೂಯಾರ್ಕ್. ಕೂಲಿಕಾರರು, ವಲಸೆ ಬಂದವರು ವಾಸಿಸೋ ಇಕ್ಕಟ್ಟಾದ ವಠಾರಗಳು. ಬೀದಿ ಬೀದಿಗೂ ಒಂದು ಸೆಲೂನ್. ಇಲ್ಲಿ ಸೆಲೂನ್ ಅಂದ್ರೆ ಕ್ಷೌರದಂಗಡಿ ಅಲ್ಲ, ಶರಾಬಿನಂಗಡಿ. ಒಳಗೆ ನಿಂತು ಕುಡಿದರೆ ಒಂದು ಗ್ಲಾಸ್ ಬಿಯರ್‌ಗೆ 5 ಸೆಂಟ್. ಮನೆಗೆ ಬೇಕು ಅಂದ್ರೆ ಮುಚ್ಚಳ ಇರೋ ಒಂದು ತಗಡಿನ ಬಕೆಟ್ ತರಬೇಕು. ಸಾಮಾನ್ಯವಾಗಿ 10 ಸೆಂಟ್ ಕೊಟ್ಟರೆ ಬಕೆಟ್ ತುಂಬಿಸಿ ಕೊಡ್ತಿದ್ರು. ಎರಡು ಗ್ಲಾಸಿನ ದುಡ್ಡಿಗೆ ಎರಡು ಗ್ಲಾಸಿಗಿಂತ ಹೆಚ್ಚು ಬಿಯರ್. ಈ ಬಕೆಟ್‌ಗೆ ಜನ ಇಟ್ಟ ಹೆಸರು ‘ಗ್ರೌಲರ್’, ಅಂದ್ರೆ ಗುರುಗುಟ್ಟೋದು. ಆ ಹೆಸರು ಯಾಕೆ ಬಂತು ಅನ್ನೋದಕ್ಕೆ ಹತ್ತಾರು ಕಥೆಗಳಿವೆ.

ಇಲ್ಲೊಂದು ತಮಾಷೆ ನೋಡಿ. ಬಕೆಟ್ ತುಂಬಿಸುವವನಿಗೆ ನೊರೆ ಜಾಸ್ತಿ ಬಂದಷ್ಟೂ ಲಾಭ, ಬಿಯರ್ ಕಡಿಮೆ ಹೋಗುತ್ತೆ. ಅದಕ್ಕೆ ಗಿರಾಕಿಗಳು ಕಂಡುಕೊಂಡ ಉಪಾಯ ಏನಂದ್ರೆ, ಬಕೆಟ್‌ನ ಒಳಗಡೆ ತೆಳುವಾಗಿ ಕೊಬ್ಬು ಸವರೋದು. ಜಿಡ್ಡು ತಾಗಿದ್ರೆ ಬಿಯರ್‌ನ ನೊರೆ ನಿಲ್ಲಲ್ಲ. ನೊರೆ ಇಳಿದ ಜಾಗದಲ್ಲಿ ಬಿಯರ್ ತುಂಬಲೇಬೇಕು. ಒಂದು ಲೋಟ ಹೆಚ್ಚಿಗೆ ಸಿಗಲಿ ಅಂತ ಇಷ್ಟೆಲ್ಲ ಕಸರತ್ತು. ಒಂದೊಂದು ಸೆಂಟೂ ಲೆಕ್ಕಕ್ಕೆ ಬರ್ತಿದ್ದ ಮನೆಗಳು ಅವು.

ಹಾಗಾದ್ರೆ ಅದೇ ಕಾಲದಲ್ಲಿ ಬಾಟಲಿ ಬಿಯರ್ ಯಾಕಷ್ಟು ದುಬಾರಿ ಇತ್ತು?

ಮೊದಲನೆಯದು ಗಾಜು. ಆಗ ಬಾಟಲಿ ಮಾಡೋ ಯಂತ್ರ ಇರಲಿಲ್ಲ. ಒಬ್ಬ ಕುಶಲಕರ್ಮಿ ಕೊಳವೆ ಬಾಯಿಗಿಟ್ಟು, ಕಾದ ಗಾಜನ್ನು ಊದಿ ಊದಿ ಒಂದೊಂದೇ ಬಾಟಲಿ ಮಾಡಬೇಕಿತ್ತು. ಹಾಗಾಗಿ ಕಂಪನಿಗಳಿಗೆ ಒಳಗಿನ ಬಿಯರ್‌ನಷ್ಟೇ ಚಿಂತೆ ಬಾಟಲಿದೂ ಇತ್ತು. ಬಾಟಲಿ ವಾಪಸ್ ಬರಬೇಕು, ತೊಳೀಬೇಕು, ಒಡೆದದ್ದನ್ನು ನಷ್ಟಕ್ಕೆ ಬರೀಬೇಕು. ಎರಡನೆಯದು ಮುಚ್ಚಳ. ಬಿಯರ್‌ನ ಒತ್ತಡಕ್ಕೆ ಬಿರಡೆ ಹಾರಿಹೋಗದ ಹಾಗೆ ತಂತಿ ಸುತ್ತಿ ಕಟ್ಟಬೇಕು, ಅದೂ ಕೈಯಲ್ಲೇ. ಮೂರನೆಯದು ಬಾಳಿಕೆ. ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ಬಿಯರ್ ಯಾಕೆ ಕೆಡುತ್ತೆ ಅಂತ ಸಂಶೋಧನೆ ಮಾಡಿ 1876ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದ. ತುಂಬಿದ ಬಾಟಲಿಗಳನ್ನು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಲ್ಲಿ ಇಟ್ಟು ತೆಗೆದರೆ ಬಿಯರ್ ಹೆಚ್ಚು ದಿನ ಉಳಿಯುತ್ತೆ. ಆದ್ರೆ ಆ ಬಿಸಿಗೆ ಎಷ್ಟೋ ಬಾಟಲಿಗಳು ಸಿಡೀತಿದ್ವು. ಅದೂ ಖರ್ಚೇ.

ನಾಲ್ಕನೆಯ ಕಾರಣ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸಿದ್ದು. ಅದು ಅಬಕಾರಿ.

ಅಮೆರಿಕದ ಅಂತರ್ಯುದ್ಧಕ್ಕೆ ದುಡ್ಡು ಬೇಕಾದಾಗ, 1862ರಲ್ಲಿ ಕೇಂದ್ರ ಸರ್ಕಾರ ಬಿಯರ್ ಮೇಲೆ ತೆರಿಗೆ ಹಾಕ್ತು. ಒಂದು ಬ್ಯಾರೆಲ್‌ಗೆ 1 ಡಾಲರ್. ಬ್ಯಾರೆಲ್ ಅಂದ್ರೆ 31 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 117 ಲೀಟರ್. 12 ಔನ್ಸಿನ ಗ್ಲಾಸ್ ಅಂತ ಹಿಡಿದ್ರೆ ಒಂದು ಬ್ಯಾರೆಲ್‌ನಲ್ಲಿ ಸುಮಾರು 330 ಗ್ಲಾಸ್. ಅಂದ್ರೆ 5 ಸೆಂಟಿನ ಒಂದು ಗ್ಲಾಸಿನಲ್ಲಿ ಈ ತೆರಿಗೆ ಸೆಂಟಿನ ಮೂರನೇ ಒಂದು ಭಾಗ. ಹಾಗಾಗಿ ದುಬಾರಿ ಮಾಡಿದ್ದು ತೆರಿಗೆಯ ಮೊತ್ತ ಅಲ್ಲ, ತೆರಿಗೆ ವಸೂಲಿ ಮಾಡೋ ರೀತಿ.

ತೆರಿಗೆ ಕಟ್ಟಿದ್ದಕ್ಕೆ ಪೀಪಾಯಿ ಮೇಲೆ ಸ್ಟಾಂಪ್ ಅಂಟಿಸಬೇಕಿತ್ತು. ಪೀಪಾಯಿ ತೆರೆದರೆ ಸ್ಟಾಂಪ್ ಹರಿಯಬೇಕು. ಬಾಟಲಿಗೆ ಇಂಥ ಪ್ರತ್ಯೇಕ ಸ್ಟಾಂಪ್ ವ್ಯವಸ್ಥೆಯೇ ಇರಲಿಲ್ಲ. ಹಾಗಾಗಿ ಬಾಟಲಿ ಬಿಯರ್ ಮಾಡೋ ಕಂಪನಿ ಏನು ಮಾಡಬೇಕಿತ್ತು ಗೊತ್ತಾ? ಮೊದಲು ಬಿಯರನ್ನು ಪೀಪಾಯಿಗೆ ತುಂಬಬೇಕು, ಸ್ಟಾಂಪ್ ಅಂಟಿಸಬೇಕು, ಅದನ್ನು ರದ್ದು ಮಾಡಬೇಕು, ಆಮೇಲೆ ಪೀಪಾಯಿ ಉರುಳಿಸಿಕೊಂಡು ಬೇರೆ ಕಟ್ಟಡಕ್ಕೆ ಹೋಗಿ ಅಲ್ಲಿ ಬಾಟಲಿಗೆ ತುಂಬಬೇಕು. ಬ್ರೂವರಿ ಒಳಗೇ ಬಾಟಲಿ ತುಂಬೋ ಹಾಗಿರಲಿಲ್ಲ. ಮಿಲ್ವಾಕಿಯ ದೊಡ್ಡ ಬ್ರೂವರಿ ಮಾಲೀಕ ಫ್ರೆಡ್ರಿಕ್ ಪ್ಯಾಬ್ಸ್ಟ್ ಇದರ ವಿರುದ್ಧ ಸರ್ಕಾರದ ಬೆನ್ನು ಹತ್ತಿದ. ಕೊನೆಗೆ 1890ರಲ್ಲಿ ಕಾನೂನು ಬದಲಾಯ್ತು. ಬ್ರೂವರಿಯಿಂದ ಬಾಟಲಿ ತುಂಬೋ ಕಟ್ಟಡಕ್ಕೆ ನೇರವಾಗಿ ಪೈಪ್ ಹಾಕಬಹುದು, ಹರಿದ ಬಿಯರ್‌ನ ಅಳತೆ ನೋಡಿ ತೆರಿಗೆ ಕಟ್ಟಬಹುದು ಅಂತ. ಕಾಗದದ ಮೇಲಿನ ಒಂದು ಸಣ್ಣ ಬದಲಾವಣೆ. ಆದ್ರೆ ಬಾಟಲಿ ಬಿಯರ್‌ನ ಖರ್ಚು ಇಳಿಯೋಕೆ ಶುರುವಾಗಿದ್ದು ಅಲ್ಲಿಂದ.

ಎರಡು ವರ್ಷದ ನಂತರ, 1892ರ ಫೆಬ್ರವರಿ 2ರಂದು, ಬಾಲ್ಟಿಮೋರ್‌ನ ವಿಲಿಯಂ ಪೇಂಟರ್‌ಗೆ ಒಂದು ಮುಚ್ಚಳದ ಪೇಟೆಂಟ್ ಸಿಕ್ತು. ಸುತ್ತಲೂ ನೆರಿಗೆ ಇರೋ ತಗಡಿನ ಮುಚ್ಚಳ. ಈಗಲೂ ಸೋಡಾ ಬಾಟಲಿ, ಬಿಯರ್ ಬಾಟಲಿ ಮೇಲೆ ಅದೇ ಇದೆ, ನೀವು ಓಪನರ್ ಹಾಕಿ ತೆಗೀತೀರಲ್ಲ, ಅದೇ. ಬಿರಡೆಯೂ ಬೇಡ, ತಂತಿಯೂ ಬೇಡ.

ಇಷ್ಟರಲ್ಲಿ ನಾನು ಒಂದು ಪ್ರಶ್ನೆ ಬಿಟ್ಟಿದ್ದೆ. ವಠಾರದಿಂದ ಸೆಲೂನಿಗೆ ಬಕೆಟ್ ಹಿಡ್ಕೊಂಡು ಹೋಗ್ತಿದ್ದವರು ಯಾರು?

ಬಹುತೇಕ ಮಕ್ಕಳು. ಅಪ್ಪ ಕೆಲಸದಿಂದ ಸುಸ್ತಾಗಿ ಬಂದಿರ್ತಾನೆ, ಅಮ್ಮ ಒಲೆ ಮುಂದೆ ಇರ್ತಾಳೆ. ಎಂಟೋ ಹತ್ತೋ ವರ್ಷದ ಮಗ ಅಥವಾ ಮಗಳ ಕೈಗೆ ಬಕೆಟ್ ಮತ್ತು ನಾಣ್ಯ. ಕಾರ್ಖಾನೆಗಳಲ್ಲೂ ಹಾಗೇ. ಮಧ್ಯಾಹ್ನದ ಊಟದ ಹೊತ್ತಿಗೆ ಹುಡುಗರು ಉದ್ದ ಕೋಲಿಗೆ ಸಾಲಾಗಿ ಬಕೆಟ್ ನೇತುಹಾಕಿಕೊಂಡು ಸೆಲೂನಿಗೆ ಓಡಿ, ಕೆಲಸಗಾರರಿಗೆ ಬಿಯರ್ ತಂದುಕೊಡ್ತಿದ್ರು. ಮಕ್ಕಳಿಗೆ ಬಿಯರ್ ಮಾರಬಾರದು ಅಂತ ನ್ಯೂಯಾರ್ಕಿನಲ್ಲಿ ಕಾನೂನು ಇತ್ತು. ಪೊಲೀಸ್ ವರದಿಗಾರ ಜೇಕಬ್ ರೀಸ್ 1890ರಲ್ಲಿ ಪ್ರಕಟಿಸಿದ ‘ಹೌ ದಿ ಅದರ್ ಹಾಫ್ ಲಿವ್ಸ್’ ಪುಸ್ತಕದಲ್ಲಿ ಆ ಕಾನೂನಿನ ಗತಿ ಏನಾಗಿತ್ತು ಅಂತ ಬರೆದಿದ್ದಾನೆ. ನವೆಂಬರ್ ಚಳಿಯಲ್ಲಿ ಬರಿಗಾಲಲ್ಲಿ ನಡುಗುತ್ತಾ ಪಾತ್ರೆ ಹಿಡಿದು ಹೋಗ್ತಿದ್ದ ಒಬ್ಬ ಪುಟ್ಟ ಹುಡುಗನ ಹಿಂದೆ ಅವನು ಮಲ್ಬರಿ ಸ್ಟ್ರೀಟ್‌ನ ಸೆಲೂನಿಗೆ ಹೋದ. ಮಕ್ಕಳಿಗೆ ಕೊಡಲ್ಲ ಅನ್ನೋ ಬೋರ್ಡು ಅಲ್ಲೇ ಗೋಡೆ ಮೇಲಿತ್ತು. ಈ ಹುಡುಗನಿಗೆ ಕೊಡಬೇಡ ಅಂತ ರೀಸ್ ತಡೆದಾಗ, ಅಂಗಡಿಯವನಿಗೆ ಇವನಿಗೇನು ತಲೆ ಕೆಟ್ಟಿದೆಯಾ ಅನ್ನೋ ಅಷ್ಟು ಆಶ್ಚರ್ಯ ಆಯ್ತಂತೆ.

ಅಂದ್ರೆ ಮನೆ ಬಾಗಿಲಿಗೆ ಬರ್ತಿದ್ದ ಆ ಅಗ್ಗದ ಬಿಯರ್‌ನ ಡೆಲಿವರಿ ಖರ್ಚನ್ನು ಮಗು ಕೊಡ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಅದು ಸೊನ್ನೆ.

ಇಂಗ್ಲೆಂಡಿನಲ್ಲೂ ಇದೇ ಕಥೆ. ಅಲ್ಲಿನ ಎಷ್ಟೋ ಪಬ್‌ಗಳಲ್ಲಿ ಮನೆಗೆ ಒಯ್ಯುವವರಿಗೇ ಅಂತ ‘ಜಗ್ ಅಂಡ್ ಬಾಟಲ್’ ಅನ್ನೋ ಬೇರೆ ಕಿಂಡಿ ಇರ್ತಿತ್ತು. ಅಲ್ಲೂ ಸಾಲಿನಲ್ಲಿ ಮಕ್ಕಳೇ. ದಾರಿಯಲ್ಲಿ ಜಗ್ಗಿನಿಂದ ಒಂದೊಂದು ಗುಟುಕು ಕುಡಿದು ಅಭ್ಯಾಸ ಆಗಿಬಿಡುತ್ತೆ ಅನ್ನೋದು ಸುಧಾರಕರ ಆತಂಕ. 1901ರಲ್ಲಿ ಬ್ರಿಟನ್ ಒಂದು ಕಾನೂನು ತಂತು. 14 ವರ್ಷದೊಳಗಿನ ಮಕ್ಕಳ ಕೈಗೆ ಕೊಡೋದಾದ್ರೆ, ಬಿಯರ್ ಬಿರಡೆ ಹಾಕಿ ಸೀಲ್ ಮಾಡಿದ ಪಾತ್ರೆಯಲ್ಲೇ ಇರಬೇಕು. ಮಗು ಹೋಗೋದು ನಿಲ್ಲಲಿಲ್ಲ ನೋಡಿ, ಪಾತ್ರೆಗೆ ಸೀಲ್ ಬಿತ್ತು. ಅಬಕಾರಿಯವರಿಗೆ ಸೀಲ್ ಬೇಕಾಗಿದ್ದು ದುಡ್ಡಿಗೆ. ಸುಧಾರಕರಿಗೆ ಬೇಕಾಗಿದ್ದು ಮಕ್ಕಳಿಗಾಗಿ. ಇಬ್ಬರೂ ತಳ್ಳಿದ್ದು ಒಂದೇ ದಿಕ್ಕಿಗೆ, ಬಾಟಲಿ ಕಡೆಗೆ.

ಹಾಗಾದ್ರೆ ಬಾಟಲಿ ಬಂದು ಮಕ್ಕಳು ಬಚಾವಾದ್ರಾ? ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಆ ಬಾಟಲಿಗಳನ್ನು ಮಾಡ್ತಿದ್ದ ಗಾಜಿನ ಕಾರ್ಖಾನೆಗಳ ಒಳಗೆ ಬನ್ನಿ. ಊದುವ ಒಬ್ಬೊಬ್ಬ ಕುಶಲಕರ್ಮಿಯ ಸುತ್ತ ಮೂರು ನಾಲ್ಕು ಹುಡುಗರು. ಒಬ್ಬ ಅಚ್ಚು ಹಿಡಿಯೋಕೆ, ಒಬ್ಬ ಬಿಸಿ ಬಾಟಲಿಯನ್ನು ಓಡಿಕೊಂಡು ಹೋಗಿ ಇನ್ನೊಂದು ಕುಲುಮೆಗೆ ಇಡೋಕೆ. ಉರಿಯುವ ಶಾಖ, ಗಾಜಿನ ಚೂರು, ರಾತ್ರಿ ಪಾಳಿ. 1908ರಲ್ಲಿ ಲೂಯಿಸ್ ಹೈನ್ ಅನ್ನೋ ಛಾಯಾಗ್ರಾಹಕ ಇಂಥ ಕಾರ್ಖಾನೆಗಳಿಗೆ ರಾತ್ರಿ ಹೊತ್ತು ಹೋಗಿ ತೆಗೆದ ಫೋಟೋಗಳು ಈಗಲೂ ಸಿಗ್ತವೆ. ಮಸಿ ಹಿಡಿದ ಮುಖ, ನಿದ್ದೆಗೆಟ್ಟ ಕಣ್ಣು. ಬೀದಿಯಲ್ಲಿ ಬಕೆಟ್ ಹಿಡಿದ ಮಗು ಎಲ್ಲರ ಕಣ್ಣಿಗೂ ಬೀಳ್ತಿತ್ತು. ಕುಲುಮೆ ಮುಂದಿನ ಮಗು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಇಷ್ಟೇ ವ್ಯತ್ಯಾಸ.

ಅದನ್ನು ಬದಲಾಯಿಸಿದವನೂ ಅಂಥದ್ದೇ ಒಬ್ಬ ಹುಡುಗ. ಮೈಕೆಲ್ ಓವೆನ್ಸ್. ಹತ್ತನೇ ವಯಸ್ಸಿಗೇ ಗಾಜಿನ ಕಾರ್ಖಾನೆಗೆ ಸೇರಿದವನು. ಮುಂದೆ ಅವನೇ ಬಾಟಲಿಯನ್ನು ತಾನಾಗಿಯೇ ಮಾಡೋ ಯಂತ್ರ ಕಂಡುಹಿಡಿದ. 1903ರ ಹೊತ್ತಿಗೆ ಯಂತ್ರ ಕೆಲಸಕ್ಕೆ ಸಿದ್ಧವಾಗಿತ್ತು. ಬಾಟಲಿಯ ಬೆಲೆ ಕುಸಿಯಿತು, ಕುಲುಮೆ ಮುಂದೆ ಹುಡುಗರ ಅಗತ್ಯವೂ ಕಡಿಮೆಯಾಯ್ತು. ಬಾಲ ಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದವರೇ ಈ ಯಂತ್ರದ ಪಾತ್ರವನ್ನು ಮೆಚ್ಚಿಕೊಂಡರು. ಅದರ ಜೊತೆ ಎಷ್ಟೋ ಗಾಜು ಊದುವವರ ಕಸುಬೂ ಹೋಯಿತು ಅನ್ನೋದನ್ನು ಮರೆಯೋ ಹಾಗಿಲ್ಲ.

ಆಮೇಲೆ 1920ರಲ್ಲಿ ಅಮೆರಿಕದಾದ್ಯಂತ ಪಾನನಿಷೇಧ. ಸೆಲೂನುಗಳು ಮುಚ್ಚಿದವು, ಬಕೆಟ್‌ಗಳು ಅಟ್ಟ ಸೇರಿದವು. 1933ರ ಏಪ್ರಿಲ್ 7ರಂದು ಬಿಯರ್ ಮತ್ತೆ ಕಾನೂನುಬದ್ಧವಾದಾಗ ಆ ಹಳೇ ಸೆಲೂನ್ ಮತ್ತೆ ಬರಬಾರದು ಅನ್ನೋದು ಸರ್ಕಾರಗಳ ಇರಾದೆಯಾಗಿತ್ತು. ಅಷ್ಟರಲ್ಲಿ ಮನೆಗಳಿಗೆ ಫ್ರಿಜ್ ಬರ್ತಾ ಇತ್ತು. ದಿನಸಿ ಅಂಗಡಿಯಲ್ಲಿ ತಗೊಂಡು, ಮನೆಯಲ್ಲಿ ತಣ್ಣಗೆ ಇಟ್ಟುಕೊಂಡು ಕುಡಿಯೋ ಕಾಲ ಶುರುವಾಯ್ತು.

1935ರ ಜನವರಿ 24ರಂದು ಇನ್ನೊಂದು ಹೆಜ್ಜೆ. ನ್ಯೂಜೆರ್ಸಿಯ ಕ್ರೂಗರ್ ಬ್ರೂವರಿ ಮೊದಲ ಸಲ ಬಿಯರನ್ನು ಕ್ಯಾನಿನಲ್ಲಿ ಮಾರಾಟಕ್ಕೆ ಇಟ್ಟಿತು. ಸೋತ್ರೆ ಸ್ವಂತ ಊರಲ್ಲಿ ಮರ್ಯಾದೆ ಹೋಗಬಾರದು ಅಂತ ದೂರದ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಪ್ರಯೋಗ ಮಾಡಿದ್ರು. ಸೋಲಲಿಲ್ಲ. ಕ್ಯಾನ್ ವಾಪಸ್ ತರಬೇಕಿಲ್ಲ, ತೊಳೀಬೇಕಿಲ್ಲ, ಡೆಪಾಸಿಟ್ ಇಲ್ಲ, ಒಡೆಯಲ್ಲ, ಒಂದರ ಮೇಲೊಂದು ಪೇರಿಸಬಹುದು. 1940ರ ದಶಕದ ಆರಂಭದ ಹೊತ್ತಿಗೆ ಅಮೆರಿಕದಲ್ಲಿ ಬಾಟಲಿ ಮತ್ತು ಕ್ಯಾನಿನ ಬಿಯರ್, ಡ್ರಾಫ್ಟ್ ಬಿಯರನ್ನು ಮೀರಿಸಿತ್ತು.

ಇದರ ಪರಿಣಾಮ ಬೆಲೆಗಷ್ಟೇ ನಿಲ್ಲಲಿಲ್ಲ. ಪೀಪಾಯಿ ಬಿಯರ್ ಬೇಗ ಕೆಡುತ್ತೆ, ಹಾಗಾಗಿ ಊರಿಗೊಂದು ಬ್ರೂವರಿ ಬೇಕಿತ್ತು. 1873ರಲ್ಲಿ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಬ್ರೂವರಿಗಳಿದ್ವು. ಸೀಲ್ ಆದ ಬಿಯರ್ ಸಾವಿರಾರು ಕಿಲೋಮೀಟರ್ ಹೋಗಬಲ್ಲದು, ತಿಂಗಳುಗಟ್ಟಲೆ ಇರಬಲ್ಲದು. ಅಂದ್ಮೇಲೆ ಊರಿಗೊಂದು ಯಾಕೆ? ದೊಡ್ಡವರು ಬೆಳೆದರು, ಚಿಕ್ಕವರು ಬಾಗಿಲು ಹಾಕಿದರು. 1970ರ ದಶಕ ಮುಗಿಯೋ ಹೊತ್ತಿಗೆ ದೇಶದಲ್ಲಿ ಉಳಿದ ಬ್ರೂವರಿಗಳು ನೂರಕ್ಕಿಂತ ಕಡಿಮೆ.

ಆಮೇಲೆ ಚಿಕ್ಕವರು ಮತ್ತೆ ಹುಟ್ಟಿಕೊಂಡರು. ಮೈಕ್ರೋಬ್ರೂವರಿ ಅಂತೀವಲ್ಲ, ಅವರು. 1989ರಲ್ಲಿ ವಯೋಮಿಂಗ್ ರಾಜ್ಯದ ‘ಆಟೋ ಬ್ರದರ್ಸ್’ ಅನ್ನೋ ಸಣ್ಣ ಬ್ರೂವರಿಗೆ ಒಂದು ತಾಪತ್ರಯ ಇತ್ತು. ಜನ ಬಿಯರ್ ಮನೆಗೆ ಕೇಳ್ತಾರೆ, ಆದ್ರೆ ಬಾಟಲಿ ತುಂಬೋ ಯಂತ್ರ ಕೊಳ್ಳೋ ಶಕ್ತಿ ಇಲ್ಲ. ಮಾಲೀಕನ ತಂದೆಗೆ ಹಳೇ ಬಕೆಟ್‌ಗಳ ನೆನಪಿತ್ತು. ಅದೇ ಉಪಾಯ, ಆದ್ರೆ ತಗಡಿನ ಬದಲು 64 ಔನ್ಸಿನ ಗಾಜಿನ ಜಗ್ಗು. ಹೆಸರು ಮತ್ತೆ ಗ್ರೌಲರ್.

ಈಗ ಲೆಕ್ಕ ಹಾಕೋಣ. 64 ಔನ್ಸ್ ಅಂದ್ರೆ 1.9 ಲೀಟರ್. ಅಂಗಡಿಯ ಸಿಕ್ಸ್ ಪ್ಯಾಕ್ ಅಂದ್ರೆ 12 ಔನ್ಸಿನ ಆರು ಕ್ಯಾನ್, ಒಟ್ಟು 72 ಔನ್ಸ್. ನೋಡೋಕೆ ಗ್ರೌಲರ್ ದೊಡ್ಡದು, ಒಳಗೆ ಬಿಯರ್ ಕಡಿಮೆ. ಮೇಲಾಗಿ ಅದನ್ನು ಒಬ್ಬ ಮನುಷ್ಯ ನಿಂತು, ಒಂದೊಂದಾಗಿ, ನೊರೆ ಇಳಿಯೋ ತನಕ ಕಾದು ತುಂಬಿಸಬೇಕು. ಚೆಲ್ಲಿದ ನೊರೆಯೂ ಬಿಯರೇ. ಅದರ ದುಡ್ಡು ನಿಮ್ಮ ಬಿಲ್ಲಿನಲ್ಲೇ ಸೇರುತ್ತೆ. ಜಗ್ಗಿನ ಬೆಲೆ ಬೇರೆ. ಕ್ಯಾನ್ ತಿಂಗಳುಗಟ್ಟಲೆ ಇರುತ್ತೆ. ನಲ್ಲಿಯಿಂದ ತುಂಬಿಸಿದ ಗ್ರೌಲರ್ ಕೆಲವೇ ದಿನ. ಮುಚ್ಚಳ ತೆಗೆದ್ರೆ ಮರುದಿನಕ್ಕೇ ಸಪ್ಪೆ. ಅರ್ಧ ಕುಡಿದು ಅರ್ಧ ಚೆಲ್ಲಿದ್ರೆ ನಿಮಗೆ ಬಿದ್ದ ಬೆಲೆ ಡಬಲ್.

ಕಾನೂನಿನ ವಿಚಿತ್ರವೂ ಹೋಗಿಲ್ಲ. ಫ್ಲಾರಿಡಾದಲ್ಲಿ 2015ರ ಜುಲೈ ತನಕ 32 ಔನ್ಸಿನ ಗ್ರೌಲರ್ ತುಂಬಿಸಬಹುದಿತ್ತು, 128 ಔನ್ಸಿನದೂ ತುಂಬಿಸಬಹುದಿತ್ತು. ಎಲ್ಲ ಕಡೆ ನಡೆಯೋ 64 ಔನ್ಸಿನದು ಮಾತ್ರ ನಿಷಿದ್ಧ!

ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ. ಥಾಮಸ್ ಲೀಶ್ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಮಾಡಿದ ಕಂಪನಿ. ಆಗ ಬ್ರಿಟಿಷ್ ಸೈನಿಕರಿಗೆ ಬಿಯರ್ ಹೋಗ್ತಿದ್ದದ್ದು ದೊಡ್ಡ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿ ಮೇಲೆ. ಅಂದ್ರೆ ಇಲ್ಲೂ ಮೊದಲು ಬಿಡಿಯೇ. ಈಗ ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಸಿಗೋ ತಾಜಾ ಬಿಯರ್ ದುಬಾರಿ ಸಂಜೆಯ ಲೆಕ್ಕಕ್ಕೆ ಸೇರುತ್ತೆ. ಅದರಲ್ಲಿ ಜಾಗದ ಬಾಡಿಗೆ ಇದೆ, ಎಸಿ ಇದೆ, ಸಂಗೀತ ಇದೆ.

2020ರ ಲಾಕ್‌ಡೌನ್‌ನಲ್ಲಿ ಇದು ಇನ್ನೊಂದು ರೂಪದಲ್ಲಿ ಎದುರಾಯ್ತು. ಮೇ 4ಕ್ಕೆ ಮದ್ಯದಂಗಡಿಗಳು ತೆರೆದವು, ಬಾಟಲಿಗೆ ಮೈಲುದ್ದದ ಸಾಲು. ಮೈಕ್ರೋಬ್ರೂವರಿಗಳ ಟ್ಯಾಂಕ್ ತುಂಬ ತಾಜಾ ಬಿಯರ್, ಆದ್ರೆ ಕೂತು ಕುಡಿಯೋ ಹಾಗಿಲ್ಲ. ಪೆಟ್ಟಿಗೆಯಲ್ಲಿದ್ದ ಬಾಟಲಿ ಕಾಯಬಲ್ಲದು, ಟ್ಯಾಂಕಿನ ಬಿಯರ್ ಕಾಯಲ್ಲ. ಮೋರಿಗೆ ಸುರಿಯಬೇಕಾದ ಪರಿಸ್ಥಿತಿ. ಆಗ ಸರ್ಕಾರ ಗ್ರೌಲರ್‌ನಲ್ಲಿ ಪಾರ್ಸೆಲ್ ಕೊಡೋಕೆ ತಾತ್ಕಾಲಿಕ ಅನುಮತಿ ಕೊಡ್ತು. ನ್ಯೂಯಾರ್ಕಿನ ಬಕೆಟ್ ಹೊಸ ವೇಷದಲ್ಲಿ ಬೆಂಗಳೂರಿಗೂ ಬಂದುಹೋಯ್ತು.

ಬಾಟಲಿ ಅಗ್ಗ ಅಂದೆನಲ್ಲ, ನಮ್ಮಲ್ಲಿ ಅದಕ್ಕೂ ಒಂದು ತಿದ್ದುಪಡಿ ಬೇಕು. 2023ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ ಶೇ. 185ಕ್ಕೆ ಏರಿಸಿತು. 1862ರ ಅಮೆರಿಕದಲ್ಲಿ ಗ್ಲಾಸಿಗೆ ಸೆಂಟಿನ ಮೂರನೇ ಒಂದು ಭಾಗ ಇದ್ದ ತೆರಿಗೆ ಎಲ್ಲಿ, ಇದೆಲ್ಲಿ! ಸೀಲ್ ಆದ ಬಾಟಲಿಯನ್ನು ಎಣಿಸೋದು ಸುಲಭ. ಎಣಿಸೋಕೆ ಸುಲಭ ಆದದ್ದರ ಮೇಲೆ ತೆರಿಗೆ ಹಾಕೋದೂ ಸುಲಭ.

ಇದನ್ನೆಲ್ಲ ಓದ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು ಇಷ್ಟು. ಈ ಪೂರ್ತಿ ಕಥೆಯಲ್ಲಿ ಬಿಯರ್ ಮಾಡೋ ಬಾರ್ಲಿ, ಹಾಪ್ಸ್, ನೀರಿನ ಮಾತೇ ಬರಲಿಲ್ಲ, ಗಮನಿಸಿದ್ರಾ? ಬೆಲೆಯನ್ನು ಏರಿಸಿದ್ದು, ಇಳಿಸಿದ್ದು ಪಾತ್ರೆ, ಮುಚ್ಚಳ, ತೆರಿಗೆ ಮತ್ತು ಹೊತ್ತು ತರುವ ಕೈ. ಈ ನಾಲ್ಕರಲ್ಲಿ ಮೂರಕ್ಕೆ ಯಾವಾಗಲೂ ಬಿಲ್ ಇತ್ತು. ನಾಲ್ಕನೆಯದಕ್ಕೆ ಬಹಳ ಕಾಲ ಇರಲಿಲ್ಲ. ಮುಂದಿನ ಸಲ ಯಾವುದೇ ಪಾರ್ಸೆಲ್ ನಿಮ್ಮ ಬಾಗಿಲಿಗೆ ತೀರಾ ಅಗ್ಗವಾಗಿ ಬಂದಾಗ, ಅದು ಬಿಯರೇ ಆಗಬೇಕಿಲ್ಲ, ಹೊತ್ತು ತಂದವರಿಗೆ ಎಷ್ಟು ಸಿಕ್ಕಿತು ಅಂತ ಒಂದು ಸಲ ಕೇಳಿ ನೋಡಿ.

ಇವತ್ತಿಗೆ ಇಷ್ಟು. ಕುಡಿಯೋ ವಯಸ್ಸು ಆಗಿಲ್ಲದವರು ಕಥೆ ಮಾತ್ರ ಕೇಳಿ, ವಯಸ್ಸಾಗಿರೋರು ಕುಡಿದು ಗಾಡಿ ಓಡಿಸಬೇಡಿ.